ಕುಣಿಕೆ ಹಾಕಿಟ್ಟ ಹನ್ನೆರಡು ಹುಳುಗಳು

ಸೇತುವೆಯ ಕಂಬಕ್ಕೆ ಹಸಿರು ಕಾಗದ ಅಂಟಿಸಿದ್ದು ಬುಧವಾರ ಬೆಳಿಗ್ಗೆ. ನಮ್ಮ ಊರಿನಲ್ಲಿ ಆ ಕಾಗದ ಕಂಡರೆ ಯಾರೋ ತೀರಿಕೊಂಡರೆಂದೇ ಅರ್ಥ. ಮಂಜಾದ ನನ್ನ ಕಣ್ಣಿಗೆ ಅಕ್ಷರ ಕಾಣಲಿಲ್ಲ. ರೊಟ್ಟಿ ಅಂಗಡಿಯ ಮೇದಿಹಾಳನ್ನು ಕರೆದು ಓದಲು ಹೇಳಿದೆ. ಅವಳು ಓದದೆ ನನ್ನ ತೋಳು ಹಿಡಿದಳು.

"ಮುನೀಬಜ್ಜಾ, ರಿಫೆತಜ್ಜ ಹೋಗ್ಬಿಟ್ರು. ನಿದ್ದೇಲೇ ಅಂತೆ."

ರಿಫೆತನೂ ನಾನೂ ಸಾನಾ ನದಿಯಲ್ಲಿ ಐವತ್ತು ವರ್ಷ ಒಟ್ಟಿಗೆ ಟ್ರೌಟ್ ಮೀನು ಹಿಡಿದವರು. ಮೀನು ನಿಜವೆಂದು ನಂಬಿ ಕಚ್ಚುವಂತೆ, ಕೂದಲು ಗರಿಗಳಿಂದ ಗಾಳಕ್ಕೆ ನಕಲಿ ಹುಳು ಕಟ್ಟಬೇಕು; ನಮ್ಮಿಬ್ಬರಿಗೂ ಅದನ್ನು ಕಟ್ಟುತ್ತಿದ್ದವನು ಅವನೇ. ಆದರೆ ನಲವತ್ತು ದಿನದಿಂದ ಮಾತು ನಿಂತಿತ್ತು, ನಿಲ್ಲಿಸಿದವನು ನಾನು. ಅಂದು ನದಿಯ ದಂಡೆಯಲ್ಲಿ ಗಾಳದ ತೂತಿಗೆ ಎಳೆ ಪೋಣಿಸಲಾಗದೆ ನಾನು ಒದ್ದಾಡುತ್ತಿದ್ದೆ. ಅವನು, "ಇತ್ತ ಕೊಡೋ ಕುರುಡ. ನೀನು ಪೋಣಿಸೋ ಹೊತ್ತಿಗೆ ಮೀನಿಗೂ ಮುಪ್ಪು ಬರುತ್ತೆ," ಎಂದ. ದಂಡೆಯ ಮೇಲಿದ್ದವರೆಲ್ಲ ನಕ್ಕರು.

"ನಿನ್ನ ಕೈಯಿಂದ ನನಗೆ ಇನ್ನೊಂದು ಹುಳೂ ಬೇಡ," ಎಂದು ನಾನು ಹೊರಟುಬಂದೆ. ಬಾಯ್ರಾಮ್, ಅಂದರೆ ಈದ್ ಹಬ್ಬಕ್ಕೂ ಅವನ ಬಾಗಿಲಿಗೆ ಹೋಗಲಿಲ್ಲ.

ನನ್ನ ಮೇಲೆ ನೊಂದುಕೊಂಡೇ ಹೋದನೇ? ಗೋರಿಗೆ ಮಣ್ಣು ಹಾಕುವಾಗಲೂ ಅದೊಂದೇ ಪ್ರಶ್ನೆ ನನ್ನ ಎದೆಯಲ್ಲಿತ್ತು.

ಮೂರನೆಯ ದಿನ ಅವನ ಮನೆಗೆ ಹೋದೆ. ಅವನ ಹೆಂಡತಿ ಶೆಫಿಕಾ ಕಾಫಿ ಕೊಟ್ಟು, ತಂಬಾಕಿನ ಹಳೆಯ ತಗಡು ಡಬ್ಬಿಯೊಂದನ್ನು ಮುಂದಿಟ್ಟಳು.

"ನಿಮಗೇ ಅಣ್ಣಾ. ತಿಂಗಳಿಂದ ಕಟ್ತಾ ಕೂತಿದ್ರು. ಹೋಗಿ ಕೊಟ್ಟು ಬನ್ನಿ ಅಂದ್ರೆ, 'ಅವನೊಬ್ಬ ಹೋರಿ, ಕೋಪ ಇಳೀಲಿ. ಕ್ಯಾಡಿಸ್ ಏಳೋ ಕಾಲಕ್ಕೆ ತಾನೇ ಬರ್ತಾನೆ' ಅಂತಿದ್ರು."

"ನಾನು ಬರಲಿಲ್ಲವಲ್ಲ ತಂಗಿ."

"ಬಂದಿದ್ದೀರಲ್ಲ. ಕಾಫಿ ಆರುತ್ತೆ, ಕುಡೀರಿ."

ಕ್ಯಾಡಿಸ್ ಹುಳು ನದಿಯ ತಳದಲ್ಲಿ ಮರಳಿನ ಗೂಡು ಕಟ್ಟಿಕೊಂಡು ಬದುಕುತ್ತದೆ. ಹೊತ್ತು ಬಂದಾಗ ರೆಕ್ಕೆ ಬಿಚ್ಚಲು ಮೇಲಕ್ಕೆ ಈಜುತ್ತದೆ. ಟ್ರೌಟ್ ಅದನ್ನು ಹಿಡಿಯುವುದು ಆಗಲೇ. ಮೇಲೇಳುವ ಆ ಮರಿಯ ರೂಪವನ್ನೇ ರಿಫೆತ ಮೊಲದ ಕೂದಲು, ಕೌಜುಗದ ಗರಿಯಿಂದ ಕಟ್ಟಿದ್ದ. ಡಬ್ಬಿಯಲ್ಲಿ ಹನ್ನೆರಡಿದ್ದವು. ಪ್ರತಿಯೊಂದಕ್ಕೂ ಮೊಳದುದ್ದ ಎಳೆ ಬಿಗಿದು, ಎಳೆಯ ತುದಿಗೆ ಬೆರಳು ತೂರುವಷ್ಟು ದೊಡ್ಡ ಕುಣಿಕೆ ಹಾಕಿದ್ದ. ಇನ್ನು ಪೋಣಿಸುವ ಕೆಲಸವಿಲ್ಲ. ನನ್ನ ದಾರದ ಕುಣಿಕೆಗೆ ಇದನ್ನು ಸೇರಿಸಿದರೆ ಸಾಕು. ಕಣ್ಣು ಮುಚ್ಚಿ ಮಾಡಿ ನೋಡಿದೆ. ಸೇರಿತು.

ಸಂಜೆ ನದಿಗಿಳಿದೆ. ಹುಳು ತೇಲಿಹೋಗಿ ದಾರ ಬಿಗಿಯಾಗುತ್ತಲೇ ಕೋಲೆತ್ತಿಬಿಡುವುದು ನನ್ನ ಹಳೆಯ ತಪ್ಪು. "ತಡಿಯೋ, ಅದು ತಾನಾಗಿ ಮೇಲೆ ಬರಲಿ," ಎಂದು ಅವನು ಐವತ್ತು ವರ್ಷ ಗದರಿದ್ದ. ಅಂದು ತಡೆದೆ. ಹರಿವು ಹುಳುವನ್ನು ಮೆಲ್ಲಗೆ ಮೇಲೆತ್ತಿತು. ಟ್ರೌಟ್ ಕಚ್ಚಿತು. ನೀರಿನಲ್ಲಿಯೇ ಗಾಳ ಬಿಡಿಸಿ ಅದನ್ನು ಹೋಗಗೊಟ್ಟೆ. ಗಾಳ ಸಲೀಸಾಗಿ ಬಿಟ್ಟುಬಂತು, ಅದರ ತುದಿಯ ಹಿಮ್ಮುಳ್ಳನ್ನೂ ಅವನು ಮೊದಲೇ ಒತ್ತಿ ಚಪ್ಪಟೆ ಮಾಡಿದ್ದ.

ಅದೇ ನೀರಿನಲ್ಲಿ ಕೈಕಾಲು ಮುಖ ತೊಳೆದು, ದಂಡೆಯಲ್ಲಿ ನಿಂತು ಅಂಗೈ ತೆರೆದೆ.

ಪರಮ ದಯಾಳುವೇ, ರಿಫೆತನ ಗೋರಿಯನ್ನು ವಿಶಾಲಗೊಳಿಸು, ಅದರೊಳಗೆ ಬೆಳಕು ತುಂಬು. ನನಗಾಗಿ ದುಡಿದ ಆ ಕೈಗಳಿಗೆ ವಿಶ್ರಾಂತಿ ಕೊಡು. ಅವನು ನನ್ನನ್ನು ಕ್ಷಮಿಸಿದ್ದಾನೆ; ನೀನೂ ಕ್ಷಮಿಸು. ಅವನನ್ನು ನಿನ್ನ ಶಾಂತಿಯಲ್ಲಿ ಇರಿಸಿಕೋ. ಆಮೀನ್.