ಹಿಲ್ಲಾ ಎಂಬ ಹೆಸರು

"ಕೋಡ್ ತಗೊಂಡು ಹೋಗು, ಯಾರು ಬೇಡ ಅಂದ್ರು? ಹೆಸರು ಮಾತ್ರ ಇಲ್ಲೇ ಬಿಟ್ಟು ಹೋಗು!" ಸಂಘದ ಅಧ್ಯಕ್ಷೆ ಸಿರ್ಕಾ ಮೇಜು ಗುದ್ದಿದಳು.

"ಅದು ನಾನಿಟ್ಟ ಹೆಸರು ಕಣೇ!" ರೇಯೊ ಕಿರುಚಿದ.

"ಇಟ್ಟೋನೂ ನೀನೇ, ಸಂಘಕ್ಕೆ ಬರ್ಕೊಟ್ಟೋನೂ ನೀನೇ. ತಿದ್ದಿದ ಪ್ರತಿಗೆ ಆ ಹೆಸರು ಇಡಬಾರದು ಅಂತ ನಿಯಮ ಮಾಡಿಸಿದ್ದೂ ನೀನೇ. ಮರೆತ್ಯಾ?"

ಮರೆತಿರಲಿಲ್ಲ. ಗ್ರಂಥಾಲಯಗಳಿಗೆಂದು ರೇಯೊ ಬರೆದ ಸಾಫ್ಟ್‌ವೇರ್ ಹಿಲ್ಲಾ. ಈಗ ಅದರ ಉಸ್ತುವಾರಿ ಈ ಸಂಘದ್ದು. ಹಿಂದೆ ಯಾವನೋ ವ್ಯಾಪಾರಿ ಅದರೊಳಗೆ ಜಾಹೀರಾತು ತುರುಕಿ ಅದೇ ಹೆಸರಲ್ಲಿ ಹಂಚಿದಾಗ, ಕುವೋಪಿಯೊ ಊರಿನ ಇದೇ ಕೋಣೆಯಲ್ಲಿ ಹಾರಾಡಿ ನಿಯಮ ಮಾಡಿಸಿದವನು ಅವನೇ. ಪರವಾನಗಿ ಮೊದಲಿನಂತೆಯೇ ಇತ್ತು: ಕೋಡ್ ಯಾರು ಬೇಕಾದರೂ ಒಯ್ಯಲಿ, ತಿದ್ದಲಿ, ಹಂಚಲಿ. ತಿದ್ದಿದವನು ಬೇರೆ ಹೆಸರಿಟ್ಟುಕೊಳ್ಳಬೇಕು, ಅಷ್ಟೇ. ಈಗ ಹಳ್ಳಿ ಗ್ರಂಥಾಲಯಗಳ ಹಳೆಯ ಕಂಪ್ಯೂಟರುಗಳನ್ನು ಸಂಘ ಕೈಬಿಟ್ಟಿತ್ತು. ಅವುಗಳಲ್ಲಿ ಓಡುವಂತೆ ತಿದ್ದಿ, ಹಿಲ್ಲಾ ಎಂದೇ ಹಂಚಿ ಸಿಕ್ಕಿಬಿದ್ದವನೂ ಅವನೇ.

"ಬೇರೆ ಹೆಸರಿಗೇನು ಬರವಾ?" ಹೊಸ ಸದಸ್ಯ ಒಸ್ಸಿ ನಕ್ಕ. "ನಿಮ್ಮನೆ ನಾಯಿ ಹೆಸರಿಟ್ಟುಬಿಡಿ!"

"ಒಸ್ಸಿ, ಬಾಯ್ಮುಚ್ಚು," ಎಂದಳು ಸಿರ್ಕಾ.

ಹಿಲ್ಲಾ ಎಂಬುದು ರೇಯೊನ ನಾಯಿಯ ಹೆಸರು. ಕೋಡಿನ ಮೊದಲ ಸಾಲು ಬರೆದ ದಿನ ಅದು ಅವನ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ಹೋದ ಚಳಿಗಾಲ ಸತ್ತಿತು. ಆಮೇಲೆ ಆ ಮನೆಯಲ್ಲಿ ಹೆಸರು ಹಿಡಿದು ಕೂಗುವುದಕ್ಕೆ ಯಾರೂ ಉಳಿಯಲಿಲ್ಲ. ಅವನು ಮುಖವನ್ನೇ ನೋಡದ ಗ್ರಂಥಪಾಲಕಿಯರು ಮಾತ್ರ ಬರೆಯುತ್ತಿದ್ದರು, ಹಿಲ್ಲಾ ಚೆನ್ನಾಗಿ ಓಡುತ್ತಿದೆ ಎಂದು. ಅಡುಗೆಮನೆಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ.

ಸಿರ್ಕಾಳ ದನಿ ಇಳಿಯಿತು. "ನಂಗೆ ಗೊತ್ತು ರೇಯೊ. ಆದ್ರೆ ಇವತ್ತು ನಿಂಗೆ ಬಿಟ್ರೆ, ನಾಳೆ ಆ ವ್ಯಾಪಾರಿ ಬಂದು ಕೂರ್ತಾನೆ."

ಅವಳ ಮಾತು ಸರಿಯಾಗಿತ್ತು. ಅದಕ್ಕೇ ಅವನಿಗೆ ಮೈಯೆಲ್ಲ ಉರಿಯಿತು. ಎದ್ದು ಕೋಟು ಹಾಕಿಕೊಂಡ.

"ತಿದ್ದಿದ್ದೆಲ್ಲ ನಿಮ್ಮ ಹತ್ರಾನೇ ಇದೆ. ಹಳ್ಳಿಯವ್ರಿಗೆ ಕಳಿಸಿ. ಏನಾದ್ರೂ ಹೆಸರಿಟ್ಕೊಳ್ಳಿ. ನಂಗೆ ಇನ್ನೊಂದು ಹೆಸರು ಬಾಯಿಗೆ ಬರಲ್ಲ."

"ಎಲ್ಲಿಗೆ? ಕಾಫಿ ಬರ್ತಿದೆ."

"ನಾಯಿ ಹೊರಗಿದೆ. ನೋಡ್ಕೊಂಡು ಬರ್ತೀನಿ."

ಹಿಲ್ಲಾ ಇದ್ದಾಗ ಪ್ರತಿ ಸಭೆಯ ನಡುವೆಯೂ ಅವನು ಆಡುತ್ತಿದ್ದ ಮಾತು ಅದು. ಒಸ್ಸಿ ನಂಬಿ, ಕಾಫಿಗೆಂದು ಅವನ ಲೋಟವನ್ನೂ ಮೇಜಿನ ಮೇಲಿಟ್ಟ. ಸಿರ್ಕಾ ತಲೆಯೆತ್ತಲಿಲ್ಲ.

ಹೊರಗೆ, ನಾಯಿಯ ಹಗ್ಗ ಕಟ್ಟುತ್ತಿದ್ದ ಕಂಬಿಯ ಮೇಲೆ ಹಿಮ ಕೂತಿತ್ತು. ರೇಯೊ ಅದನ್ನು ಬರಿಗೈಯಲ್ಲಿ ಒರೆಸಿದ. ಬಸ್ ನಿಲ್ದಾಣದ ಕಡೆ ನಡೆದ.