ಉಗ್ರಾಣಕ್ಕೆ ಬಿಸಿ ಯಾಕೆ

“ಯಾವ ಬೇವರ್ಸಿ ಅವನು, ಹೊಸ ಮಿಷಿನ್ ಮೇಲೆ ಉಗಿದಿದ್ದು?”

ಉಗಿದವನು ನಾನೇ. ಈ ಹೋಟೆಲಿನ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಬಾಯ್ಲರಿನ ಬಾಯಿಗೆ ಕಲ್ಲಿದ್ದಲು ಸುರಿದವನು. ಕೊಳವೆ ಕಾದಿದೆಯೇ ಎಂದು ತಿಳಿಯಲು ನಮ್ಮ ಕಸುಬಿನಲ್ಲಿ ಇರುವುದು ಒಂದೇ ದಾರಿ, ಉಗುಳು. ಚುರ್ ಎಂದರೆ ಮೇಲಿನ ನಾಲ್ಕು ಅಂತಸ್ತಿನವರು ಬೆಚ್ಚಗಿದ್ದಾರೆ ಎಂದರ್ಥ. ಇವತ್ತು ಮಾಲೀಕರು ಅತಿಥಿಗಳ ಮುಂದೆ ಹೊಸ ಯಂತ್ರದ ಗುಂಡಿ ಒತ್ತಿದ್ದೇ ತಡ, ಅಭ್ಯಾಸಬಲದಿಂದ ಉಗಿದುಬಿಟ್ಟೆ. ಚುರ್ ಎನ್ನಲಿಲ್ಲ. ಬಿಳಿ ಯಂತ್ರದ ಮೈಮೇಲೆ ನನ್ನ ಕರಿ ಉಗುಳು ನಿಧಾನವಾಗಿ ಇಳಿಯಿತು.

“ನಿನ್ನ ಅಂಗೀಲೇ ಒರೆಸೋ, ಕತ್ತೆ!” ಮಾಲೀಕರು ಕೂಗಿದರು.

ಸಮಾರಂಭಕ್ಕೆಂದು ಹೆಂಡತಿ ಒಗೆದುಕೊಟ್ಟಿದ್ದ ಅಂಗಿ ಬಿಚ್ಚಿ ಒರೆಸಿದೆ. ನನಗೆ ಯಂತ್ರದ ಮೇಲೆ ಹಗೆಯೇನಿಲ್ಲ. ನೆಲದಡಿಯ ಕಾವನ್ನೇ ಎಳೆದು ಕೋಣೆಗಳಿಗೆ ಕೊಡುತ್ತದಂತೆ, ಬೇಸಿಗೆಯಲ್ಲಿ ತಂಪೂ ಅದರದೇ. ಹೊಗೆಯಿಲ್ಲ, ಬೂದಿಯಿಲ್ಲ. ಕಲ್ಲಿದ್ದಲು ಹಾಳಾಗಿ ಹೋಗಲಿ, ನನ್ನ ಎದೆಯೊಳಗೇ ಒಂದು ಬುಟ್ಟಿಯಷ್ಟಿದೆ. ಆದರೆ ಬಾಯ್ಲರಿನ ಗೋಡೆಯಾಚೆ ನಮ್ಮ ಕೋಣೆ. ಆ ಗೋಡೆಯ ಕಾವಿನಲ್ಲೇ ನಮ್ಮ ಚಳಿಗಾಲ ಕಳೆಯುತ್ತಿತ್ತು. ಬಾಯ್ಲರ್ ಆರಿಸಿ ನಾಲ್ಕು ದಿನವಾಗಿದೆ, ಹಾಸಿಗೆ ಹಿಡಿದ ಅಮ್ಮನ ತುಟಿ ನೀಲಿಗಟ್ಟಿದೆ. ಕೈಕಟ್ಟಿ ಕೇಳಿದೆ.

“ಯಜಮಾನ್ರೇ, ಇದರದ್ದೊಂದು ಪೈಪು ನಮ್ಮ ಕೋಣೆಗೂ ಎಳೀತೀರಾ?”

ಯಂತ್ರ ಕೂರಿಸಿದ ಎಂಜಿನಿಯರು ಕಟ್ಟಡದ ನಕ್ಷೆ ಬಿಚ್ಚಿದ. “ಅದು ಕೋಣೆ ಅಲ್ಲಪ್ಪ, ಉಗ್ರಾಣ ಅಂತಿದೆ ಇಲ್ಲಿ. ಉಗ್ರಾಣಕ್ಕೆ ಬಿಸಿ ಯಾಕೆ?”

“ಉಗ್ರಾಣದೊಳಗೆ ನಮ್ಮಮ್ಮ ಇದಾಳೆ ಸಾರ್.”

“ಮೂಟೆ ಜೊತೆ ಇನ್ನೊಂದು ಮೂಟೆ,” ಎಂದರು ಮಾಲೀಕರು. “ಕಂಬಳಿ ಹೊದಿಸು, ಹೋಗು.”

“ಇರೋ ಎರಡೂ ಹೊದಿಸಿದೀನಿ. ಆದ್ರೂ ಹಲ್ಲು ಕಟಕಟ ಅಂತಿದೆ.”

“ಹಾಗಾದ್ರೆ ಹಲ್ಲು ಕೀಳ್ಸು!”

ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾಷಣ ಕೇಳಲು ಎಲ್ಲರೂ ಮೇಲಿನ ಹಜಾರಕ್ಕೆ ಹತ್ತಿದರು.

ನಾನು ಕೋಣೆಗೆ ಹೋಗಿ ಹೆಂಡತಿಗೆ ನಡೆದದ್ದು ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಮ್ಮನ ಮಂಚದ ತಲೆಯ ಕಡೆ ನಾನು, ಕಾಲಿನ ಕಡೆ ಅವಳು. ಅತಿಥಿಗಳ ಮೆಟ್ಟಿಲಿನಲ್ಲೇ ಹತ್ತಿದೆವು.

“ಈ ಕಟ್ಟಡದಲ್ಲಿರುವ ಪ್ರತಿಯೊಬ್ಬರಿಗೂ ಇನ್ನು ಶುದ್ಧವಾದ ಬಿಸಿ...” ಮಾಲೀಕರು ಮೈಕಿನಲ್ಲಿ ಹೇಳುತ್ತಿದ್ದರು. ಬಿಸಿಗಾಳಿ ಬರುವ ಕಿಂಡಿಯ ಕೆಳಗೆ, ಅವರ ಎದುರಿಗೇ, ನಾವು ಮಂಚ ಇಳಿಸಿದೆವು.

“ಏನೋ ಇದು?”

“ಉಗ್ರಾಣದ ಸಾಮಾನು ಯಜಮಾನ್ರೇ,” ಎಂದಳು ಹೆಂಡತಿ. “ಕೆಳಗೆ ಥಂಡಿ ಹಿಡೀತಿತ್ತು.”

ಕಾವಲಿನವರಿಬ್ಬರು ಓಡಿಬಂದು ಮಂಚಕ್ಕೆ ಕೈ ಹಾಕಿದರು. ನಾಲ್ಕು ದಿನದಿಂದ ಮಾತೇ ಆಡದಿದ್ದ ಅಮ್ಮ ಕಂಬಳಿಯಿಂದ ಮುಖ ಹೊರಗೆ ಹಾಕಿದಳು.

“ಮುಟ್ಟಿದ್ರೆ ಕೈ ಮುರೀತೀನಿ, ಮುಂಡೇಮಕ್ಳಾ! ನನ್ನ ಕಾಲು ಇನ್ನೂ ಬೆಚ್ಚಗಾಗಿಲ್ಲ.”

ಮೈಕು ಅದನ್ನು ನಾಲ್ಕೂ ಅಂತಸ್ತಿಗೆ ಕೇಳಿಸಿತು. ನಾನು ಚಪ್ಪಲಿ ಬಿಟ್ಟು ಮಂಚದ ಮೇಲೆ ಕುಳಿತೆ. ಹೆಂಡತಿ, “ಆಚೆ ಸರೀರಿ,” ಎಂದು ಪಕ್ಕದಲ್ಲಿ ಕುಳಿತಳು.