ದೊಡ್ಡಣ್ಣನ ತಲೆಯಲ್ಲಿದ್ದದ್ದು

ಅಂತರ್ಜಲದ ಮಟ್ಟ ಲೆಕ್ಕ ಹಾಕುವ ಆ ಪ್ರೋಗ್ರಾಂ ಹನ್ನೊಂದು ವರ್ಷದಿಂದ ಒಬ್ಬನ ಕೈಯಲ್ಲೇ ಬೆಳೆದಿತ್ತು. ಸಂಶೋಧನಾ ಕೇಂದ್ರದಲ್ಲಿ ಅವನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಕಾಗದದ ಮೇಲೇನೋ ಅದು ನಾಲ್ವರ ತಂಡ. ಏನು ಬೇಕೆಂದು ವಿಜ್ಞಾನಿ ಮೇಡಂ ಹೇಳಬೇಕು, ದೊಡ್ಡಣ್ಣ ಬರೆಯಬೇಕು, ಪರೀಕ್ಷಕಿ ತಪ್ಪು ಹುಡುಕಬೇಕು, ಇದನ್ನೆಲ್ಲ ಇನ್ನೊಬ್ಬ ಟಿಪ್ಪಣಿ ಮಾಡಿಡಬೇಕು. ಆ ನಾಲ್ಕನೆಯವನು ಬಿಟ್ಟುಹೋಗಿ ಮೂರು ವರ್ಷವಾಗಿತ್ತು; ಅವನ ಕೆಲಸವನ್ನೂ ಪರೀಕ್ಷಕಿಯ ತಲೆಗೇ ಕಟ್ಟಿದ್ದರು. ಅವಳು ಪುಸ್ತಕ ಹಿಡಿದು ಹೋದಾಗಲೆಲ್ಲ ದೊಡ್ಡಣ್ಣ ನಗುತ್ತ, ಎಲ್ಲ ತಲೆಯಲ್ಲಿದೆ, ನಿಧಾನಕ್ಕೆ ಬರೆಸುತ್ತೇನೆ ಅನ್ನುತ್ತಿದ್ದ. ಅವಳಿಗೂ ಕೈತುಂಬ ಕೆಲಸ. ಒತ್ತಾಯಿಸಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ದೊಡ್ಡಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು. ಮಾತು, ಬರವಣಿಗೆ ಎರಡೂ ಹೋದವು.

ಎರಡು ತಿಂಗಳಾದ ಮೇಲೆ ಪರೀಕ್ಷಕಿಯ ಕಣ್ಣಿಗೆ ತಪ್ಪು ಬಿತ್ತು. ಒಂದು ಪಟ್ಟಣದ ಬಾವಿಗಳಲ್ಲಿ ನೀರು ಇಳಿಯುತ್ತಿದ್ದರೂ ಪ್ರೋಗ್ರಾಂ ಏರುತ್ತಿದೆ ಎನ್ನುತ್ತಿತ್ತು. ಅದನ್ನೇ ನಂಬಿ ಅಲ್ಲಿನವರು ಕೊಳವೆಬಾವಿ ಕೊರೆಸಲು ಹೊರಟಿದ್ದರು. ಅವಳೂ ಮೇಡಮ್ಮೂ ಹದಿನೈದು ದಿನ ಜಾಲಾಡಿದರು. ನಡುವೆ ಒಂದು ಕಡೆ, ಜನ ಮೇಲೆತ್ತುವ ನೀರಿನ ಪ್ರಮಾಣವನ್ನು 0.83ರಿಂದ ಗುಣಿಸಲಾಗಿತ್ತು. ಯಾಕೆಂದು ಒಂದಕ್ಷರ ಬರೆದಿರಲಿಲ್ಲ. ತೆಗೆದರೆ ಆ ಪಟ್ಟಣದ ನೀರು ಇಳಿಯುವುದು ಕಾಣುತ್ತಿತ್ತು, ಆದರೆ ಉಳಿದ ಊರುಗಳ ಲೆಕ್ಕವೆಲ್ಲ ಎಕ್ಕುಟ್ಟಿ ಹೋಗುತ್ತಿತ್ತು.

ದಾರಿ ಕಾಣದೆ ಪರೀಕ್ಷಕಿ ಲ್ಯಾಪ್‌ಟಾಪ್ ಹಿಡಿದು ದೊಡ್ಡಣ್ಣನ ಮನೆಗೆ ಹೋದಳು. ಹೆಂಡತಿ ಅವನನ್ನು ದಿಂಬಿಗೆ ಒರಗಿಸಿ ಕೂರಿಸಿದಳು. ಪರದೆ ಕಂಡದ್ದೇ ಅವನ ಮುಖ ಅರಳಿತು. ಎಡಗೈ ಬೆರಳು ತಡಕಾಡಿ ಆ ಸಂಖ್ಯೆಯ ಮೇಲೆಯೇ ನಿಂತಿತು.

"ಇದೇ ಅಣ್ಣ. ಇದು ಎಲ್ಲಿಂದ ಬಂತು?"

"ಬೇಡ," ಎಂದ. ತಲೆ ಕೊಡವಿ ಮತ್ತೆ, "ಬೇಡ, ಬೇಡ."

ಅವನಿಗೆ ಉಳಿದಿರುವ ಮಾತು ಅದೊಂದೇ ಎಂದು ಹೆಂಡತಿ ಮೆಲ್ಲಗೆ ತಿಳಿಸಿದಳು. ಹೌದಿಗೂ ಅದೇ, ಅಲ್ಲಕ್ಕೂ ಅದೇ; ತಲೆ ಆಡಿಸುವುದನ್ನೂ ನಂಬುವಂತಿಲ್ಲ. ಪರೀಕ್ಷಕಿ ಒಂದೊಂದಾಗಿ ಕೇಳುತ್ತ ಹೋದಳು. ಮಣ್ಣಿನ ಲೆಕ್ಕವೇ? ಬಂಡೆಯದೇ? ಹಳೆಯ ಮಾಪಕದ ದೋಷ ತಿದ್ದಲು ಹಾಕಿದ್ದೇ? ಪ್ರತಿ ಸಲವೂ ಅವನು ಗಂಟಲುಬ್ಬಿಸಿ ಏನೋ ಎತ್ತಿ ತರಲು ಹೆಣಗಿದ. ಬಂದದ್ದು ಅದೇ ಒಂದು ಮಾತು. ಕೊನೆಗೆ ಹಾಸಿಗೆಯನ್ನು ಗುದ್ದಿ ಮುಖ ತಿರುಗಿಸಿದ.

"ಸಾಕು ಬಿಡಮ್ಮ," ಎಂದಳು ಹೆಂಡತಿ. "ಗೊತ್ತಿಲ್ದೇ ಇದ್ದಿದ್ರೆ ಇವ್ರು ಇಷ್ಟು ಸಂಕಟ ಪಡ್ತಿರ್ಲಿಲ್ಲ."

ಪ್ರೋಗ್ರಾಂ ಕೊಟ್ಟ ಫಲಿತಾಂಶಗಳನ್ನು ನಂಬಬೇಡಿ ಎಂದು ಮೇಡಂ ಆ ಪಟ್ಟಣದವರಿಗೆ ಪತ್ರ ಬರೆದರು. ಅಷ್ಟರಲ್ಲಿ ಎರಡು ಬಾವಿ ಕೊರೆದಾಗಿತ್ತು, ಎರಡರಲ್ಲೂ ದೂಳೆದ್ದಿತ್ತು. ಪ್ರೋಗ್ರಾಂ ಮೊದಲಿನಿಂದ ಬರೆಯಲು ಹೊಸ ತಂಡ ಬಂತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಮುಂದೆ ಹೋಗುವಂತಿರಲಿಲ್ಲ. ಎರಡು ವರ್ಷ ಹಿಡಿಯುತ್ತದೆ ಎಂದರು. ನೀರು ಎಲ್ಲಿ ಸಿಗುತ್ತದೆಂದು ಕೇಳಿ ಆ ಪಟ್ಟಣದಿಂದ ವಾರವಾರವೂ ಫೋನ್ ಬರುತ್ತಿತ್ತು. ಗೊತ್ತಿಲ್ಲ ಎನ್ನುವುದೇ ಪರೀಕ್ಷಕಿಯ ಕೆಲಸವಾಯಿತು.